ಒದ್ದೆ ಮಡಿ ಮತ್ತು ನ್ಯುಮೋನಿಯಾದ ಸೂಜಿ

ನನಗೆ ನ್ಯುಮೋನಿಯಾ ಬಂದದ್ದು ಒದ್ದೆ ಸೀರೆಯಿಂದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನನ್ನ ಮೈದುನ ವಾಸು ಇದನ್ನು ಓದಿ, "ಸೈನ್ಸ್ ಟೀಚರ್ ಆಗಿದ್ದೋರು ಹಿಂಗೆಲ್ಲ ಬರೀಬಹುದಾ?" ಎಂದು ಊರೆಲ್ಲ ಹೇಳಿಕೊಂಡು ಬರುತ್ತಾನೆ. ಅದು ಕ್ರಿಮಿಯಿಂದ ಬರುವ ಕಾಯಿಲೆ. ಶ್ರೀನಿವಾಸಪುರದ ಶಾಲೆಯಲ್ಲಿ ನಾನೇ ವರ್ಷಗಟ್ಟಲೆ ಬೋರ್ಡಿನ ಮೇಲೆ ಚಿತ್ರ ಬರೆದು ಮಕ್ಕಳಿಗೆ ಪಾಠ ಮಾಡಿದ್ದೇನೆ. ಆದರೆ ಆಗಲೇ ವಾರದಿಂದ ಕೆಮ್ಮುತ್ತಿದ್ದ ಅರವತ್ತು ದಾಟಿದ ಹೆಂಗಸನ್ನು, ಪುಷ್ಯ ಮಾಸದ ಚಳಿಯಲ್ಲಿ, ಬಾವಿಯ ನೀರು ಸುರಿದುಕೊಂಡ ಸೀರೆಯಲ್ಲೇ ಮಧ್ಯಾಹ್ನದವರೆಗೆ ಸೌದೆ ಒಲೆಯ ಮುಂದೆ ನಿಲ್ಲಿಸಿದ್ದು ಕ್ರಿಮಿಯಲ್ಲ. ನಿಲ್ಲಿಸಿದ್ದು ನಮ್ಮ ಮನೆಯ ಜನ.

ಮುಳಬಾಗಿಲಿನ ನಮ್ಮ ಮನೆಯಲ್ಲಿ ಬೇರೆ ಹಿರಿಯರ ತಿಥಿಗಳನ್ನೆಲ್ಲ ಮಠದಲ್ಲಿ ಮಾಡಿಸಿ ಮುಗಿಸುತ್ತಿದ್ದರು. ಅತ್ತೆಯದು ಮಾತ್ರ ಹಾಗಲ್ಲ. ಸಾಯುವ ಮುಂಚೆ ಅವರು ಇಬ್ಬರು ಗಂಡುಮಕ್ಕಳನ್ನೂ ಹತ್ತಿರ ಕೂರಿಸಿಕೊಂಡು, "ನನ್ನ ತಿಥಿ ಮನೇಲೇ ಆಗ್ಬೇಕು. ಅಡಿಗೆ ಒದ್ದೆ ಮಡೀಲಿ, ಹಿರೀ ಸೊಸೆ ಕೈಲಿ" ಎಂದು ಮಾತು ತೆಗೆದುಕೊಂಡು ಹೋದರು. ಮಾತು ಕೊಟ್ಟವರು ಗಂಡುಮಕ್ಕಳು. ನಡೆಸಿಕೊಟ್ಟವಳು ನಾನು.

ಒಗೆದ ಸೀರೆಯನ್ನು ಯಾರೂ ಮುಟ್ಟದ ಹಾಗೆ ಎತ್ತರದ ಗಳದ ಮೇಲೆ ಒಣಹಾಕಿ, ಮಾರನೆಯ ದಿನ ಉಟ್ಟರೆ ಮಡಿಯಾಯಿತು ಎನ್ನುವ ಮನೆಗಳು ಊರಲ್ಲಿ ಬೇಕಾದಷ್ಟಿವೆ. ನಮ್ಮ ಅತ್ತೆಗೆ ಅದು ಸಾಲದು. ಉಟ್ಟ ಸೀರೆಯ ಸಮೇತ ತಲೆಯ ಮೇಲೆ ತಣ್ಣೀರು ಸುರಿದುಕೊಂಡು, ಸೆರಗಿನ ತುದಿ ಮಾತ್ರ ಹಿಂಡಿ, ನೀರು ತೊಟ್ಟಿಕ್ಕುತ್ತಲೇ ಅಡಿಗೆಮನೆಗೆ ಹೋಗಬೇಕು. ಬ್ರಾಹ್ಮಣರ ಊಟ ಮುಗಿಯುವವರೆಗೆ ಬದಲಾಯಿಸುವಂತಿಲ್ಲ. ಸೀರೆ ಮೈಮೇಲೇ ಒಣಗಬೇಕು. ಸ್ಕೂಲಿನಲ್ಲಿ ಶೀತ ನೆಗಡಿಯ ಪಾಠ ಮಾಡುವ ನಾನು ಅದಕ್ಕೇಕೆ ಒಪ್ಪಿದೆ ಎಂದು ಕೇಳುವವರಿದ್ದಾರೆ. ಒಪ್ಪಿಗೆ ಕೇಳಿದ್ದರೆ ತಾನೆ ಒಪ್ಪುವುದು?

ವಾರಗಿತ್ತಿ ಶಾರದ, ವಾಸುವಿನ ಹೆಂಡತಿ, ನನಗಿಂತ ಚಿಕ್ಕವಳು. ಒಂದೇ ಹಿತ್ತಲು, ಒಂದೇ ಬಾವಿ, ನಡುವೆ ಒಂದು ಗೋಡೆ. ಅವಳದು ಶೀತದ ಮೈ. "ನಂಗೆ ಒದ್ದೆ ಬಟ್ಟೆ ಆಗಲ್ಲಕ್ಕ, ಸೊಂಟ ಹಿಡ್ಕೊಂಡ್ಬಿಡತ್ತೆ" ಎಂದು ಮದುವೆಯಾಗಿ ಬಂದ ಹೊಸದರಲ್ಲೇ ಹೇಳಿ ಪಾರಾದಳು. ನಾನು ಹೇಳಲಿಲ್ಲ, ಹಾಗಾಗಿ ನನ್ನ ಮೈ ಉಕ್ಕಿನದು ಎಂದು ಎಲ್ಲರೂ ನಂಬಿದರು.

ಊಟವಾದ ಮೇಲೆ ಹಿತ್ತಲಿನ ಕಲ್ಲಿನ ಮೇಲೆ ಕಾಗೆಗೆ ಎಲೆ ಇಡುತ್ತಾರೆ. ಕಾಗೆ ಬಂದು ಮುಟ್ಟಿದರೆ ಸತ್ತವರಿಗೆ ತೃಪ್ತಿಯಾಯಿತು ಎಂದು ಅರ್ಥ. ತಡವಾದರೆ ವಾಸು ಆಕಾಶ ನೋಡುವುದನ್ನು ಬಿಟ್ಟು ನನ್ನ ಕಡೆ ತಿರುಗುತ್ತಿದ್ದ. "ಅತ್ತಿಗೆ, ಮಡೀಲಿ ಏನಾದ್ರೂ ಹೆಚ್ಚುಕಡಿಮೆ ಆಯ್ತಾ?" ಅವನು ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಿದ್ದವನು, ಬೆಳಿಗ್ಗೆ ಸಂಜೆ ಪೌರೋಹಿತ್ಯ. ಎಲ್ಲಿ ತಪ್ಪಿದೆ ಎಂದು ಹುಡುಕುವುದು ಎರಡೂ ಕಡೆಯಿಂದ ಬಂದ ಅಭ್ಯಾಸ. ನನ್ನ ಗಂಡ ಅಲ್ಲೇ ನಿಂತಿರುತ್ತಿದ್ದರು, ಏನೂ ಹೇಳುತ್ತಿರಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಅಷ್ಟು ವರ್ಷ ಅಕೌಂಟೆಂಟಾಗಿದ್ದು, ಯಾರ ವಿರೋಧವನ್ನೂ ಕಟ್ಟಿಕೊಳ್ಳದೆ ನಿವೃತ್ತರಾದ ಮನುಷ್ಯ. ಮನೆಯಲ್ಲಿ ಅವರ ಮಾತು ಒಂದೇ, "ನೋಡೋಣ."

ಆ ವರ್ಷವೂ ಕಾಗೆ ತಡ ಮಾಡಿತು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ಕೆಮ್ಮುತ್ತಿದ್ದೆ. ವಾಸು ಅದೇ ಪ್ರಶ್ನೆ ಕೇಳಿದ. ನನಗೆ ಉತ್ತರ ಕೊಡಲು ಉಸಿರಿರಲಿಲ್ಲ.

ಮಾರನೆಯ ದಿನ ಜ್ವರ. ಬಲ ಪಕ್ಕೆಯಲ್ಲಿ ಚುಚ್ಚಿದಂಥ ನೋವು, ಉಸಿರು ಅರ್ಧಕ್ಕೇ ನಿಲ್ಲುವುದು. ಊರಿನ ಡಾಕ್ಟರು ಮಾತ್ರೆ ಕೊಟ್ಟರು. ಶಾರದ ಮೆಣಸಿನ ಕಷಾಯ ತಂದಿಟ್ಟು, "ಎರಡು ದಿನ ಮಲಗಿ ಎದ್ರೆ ಸರಿಹೋಗತ್ತೆ ಬಿಡಿ" ಎಂದಳು. ಕಫದಲ್ಲಿ ತುಕ್ಕಿನ ಬಣ್ಣ ಕಂಡಾಗ ಇದು ನ್ಯುಮೋನಿಯಾ ಎಂದು ನನಗೇ ಗೊತ್ತಾಯಿತು. ಆಮೇಲೆ ಏನಾಯಿತೋ ನನಗೆ ನೆನಪಿಲ್ಲ. ಮಾಲೂರಿನಿಂದ ಓಡಿಬಂದ ನನ್ನ ಮಗಳು ಸುಧಾ ಹೇಳಿದ್ದು ಇಷ್ಟು: ನಾನು ಮಂಚದ ಮೇಲೆ ಎದ್ದು ಕೂತು ಹಾಜರಿ ಕೂಗುತ್ತಿದ್ದೆನಂತೆ. ಎಂದೋ ಓದಿ ಹೋದ ಮಕ್ಕಳ ಹೆಸರುಗಳು, ಒಂದಾದ ಮೇಲೆ ಒಂದು. ಯಾರೂ "ಯೆಸ್ ಮಿಸ್" ಎನ್ನದಿದ್ದುದಕ್ಕೆ ಅತ್ತೆನಂತೆ. ಅವಳು ಅಪ್ಪನ "ನೋಡೋಣ"ವನ್ನು ಕೇಳಿಸಿಕೊಳ್ಳದೆ ಕಾರು ಕರೆಸಿ ನನ್ನನ್ನು ಕೋಲಾರದ ದೊಡ್ಡ ಆಸ್ಪತ್ರೆಗೆ ಸೇರಿಸಿದಳು.

ಆಸ್ಪತ್ರೆಯ ವಿವರವನ್ನು ನಾನು ಉದ್ದ ಮಾಡುವುದಿಲ್ಲ. ಮೂಗಿಗೆ ಆಕ್ಸಿಜನ್, ಕೈಗೆ ಡ್ರಿಪ್, ಬೆನ್ನಿಗೆ ಎರಡು ದಿಂಬು. ಮಲಗಿದರೆ ಮುಳುಗಿದಂತಾಗುತ್ತಿತ್ತು, ಕೂತರೆ ಪಕ್ಕೆ ಹರಿಯುತ್ತಿತ್ತು. ಇದನ್ನು ಅನುಭವಿಸಿದವರಿಗೆ ಹೇಳಬೇಕಿಲ್ಲ, ಅನುಭವಿಸದವರಿಗೆ ಹೇಳಿದರೂ ತಿಳಿಯುವುದಿಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ. ಉಸಿರು ಸಿಗದಿದ್ದಾಗ ಮನುಷ್ಯನಿಗೆ ದೇವರು, ಮಕ್ಕಳು, ಮಾನ ಯಾವುದೂ ನೆನಪಾಗುವುದಿಲ್ಲ. ಇನ್ನೊಂದು ಉಸಿರು ಬೇಕು, ಅಷ್ಟೇ.

ಜ್ವರ ಇಳಿದು ಕಣ್ಣು ಬಿಟ್ಟ ಬೆಳಿಗ್ಗೆ ಪಕ್ಕದ ಮಂಚದಿಂದ ಒಂದು ದನಿ ಬಂತು. "ಏನ್ ಟೀಚರಮ್ಮಾ, ಎಲ್ಲಾರ್ ಎಸ್ರೂ ಕೂಗಿದ್ರಿ, ನನ್ ಎಸ್ರು ಕೂಗ್ಲೇ ಇಲ್ವಲ್ಲ. ನಾನೇನ್ ಗೈರುಹಾಜರಿನಾ?"

ಮುನಿಯಮ್ಮ ಕ್ಯಾಲನೂರಿನವಳು. ನನ್ನದೇ ವಯಸ್ಸು, ನನ್ನದೇ ಕಾಯಿಲೆ. ಅವಳ ಮೂಗಿಗೂ ಅದೇ ಕೊಳವೆ. ಮನೆಯಲ್ಲಿ ಹಸುಗಳು, ಡೈರಿಗೆ ಹಾಲು ಹಾಕುವ ಕೆಲಸ. ನಗಬೇಕಾದಾಗ ಪಕ್ಕೆ ಹಿಡಿದುಕೊಂಡು ನಗುತ್ತಿದ್ದಳು. ನಾನೂ ಹಾಗೆಯೇ ನಗುವುದನ್ನು ಕಲಿತೆ. ಆ ವಾರ್ಡಿನಲ್ಲಿ ನನಗೆ ಸಿಕ್ಕ ದೊಡ್ಡ ಔಷಧಿ ಅವಳೇ.

ನೋಡಲು ಬಂದವರೆಲ್ಲ ಮೂಸಂಬಿ ತಂದರು. ಕೆಮ್ಮುವವರಿಗೆ ಮೂಸಂಬಿಯನ್ನೇ ತರಬೇಕೆಂದು ಯಾರು ಕಟ್ಟಳೆ ಮಾಡಿದರೋ. ನನ್ನ ಗಂಡ ಅದನ್ನು ಸುಲಿಯುತ್ತ ಬೆಂಚಿನ ಮೇಲೆ ಕೂತಿರುತ್ತಿದ್ದರು. ತೊಳೆಯ ಮೇಲಿನ ಬಿಳಿ ನಾರನ್ನು ಒಂದೊಂದಾಗಿ ತೆಗೆದು ನನ್ನ ಬಾಯಿಗಿಡುತ್ತಿದ್ದರು. ಅದನ್ನು ನಾನು ಮರೆಯುವುದಿಲ್ಲ. ಒಂದು ಮಧ್ಯಾಹ್ನ ವಾಸು, ಶಾರದ ಬಂದರು. ಶಾರದ ನನ್ನ ಕೈ ಹಿಡಿದುಕೊಂಡು ಕಣ್ಣಲ್ಲಿ ನೀರು ತಂದುಕೊಂಡಳು. ಆಮೇಲೆ ಹೊರಡುವಾಗ, "ಸದ್ಯ, ತಿಥಿ ಮುಗಿದ್ಮೇಲೆ ಬಂತಲ್ಲ ಅಕ್ಕ. ಮೊದ್ಲೇ ಬಂದಿದ್ರೆ ಏನ್ಮಾಡ್ಬೇಕಿತ್ತು?" ಎಂದಳು.

ಅವರು ಹೋದ ಮೇಲೆ ಮುನಿಯಮ್ಮ ಕೇಳಿದಳು. "ಏನಮ್ಮಾ ಅದು ತಿಥಿ?"

ನಾನು ಹೇಳಿದೆ. ಒದ್ದೆ ಸೀರೆ, ಒಲೆ, ಕಾಗೆ ಎಲ್ಲ. ಅವಳು, "ನಮ್ ಅಸೂನೂ ನಾವ್ ಚಳೀಲಿ ಒದ್ದೆ ನೆಲ್ದಾಗೆ ಕಟ್ಟಲ್ಲ ಟೀಚರಮ್ಮ, ಗೋಣಿಚೀಲ ಒದಿಸ್ತೀವಿ" ಎಂದಳು.

ಮನೆಗೆ ಕಳಿಸುವ ದಿನ ಎದೆಯ ಡಾಕ್ಟರು ನಮ್ಮಿಬ್ಬರ ಮಂಚದ ನಡುವೆ ನಿಂತು ಹೇಳಿದರು. ಚಿಕ್ಕ ವಯಸ್ಸಿನವರು, ಮಾತು ನಿಧಾನ. "ನೋಡಿ ಅಮ್ಮ, ನಿಮ್ಮಿಬ್ಬರ ಶ್ವಾಸಕೋಶಾನೂ ಒಲೆ ಹೊಗೆ ಕುಡಿದು ಸುಸ್ತಾಗಿದೆ. ನ್ಯುಮೋನಿಯಾಕ್ಕೆ ಈಗೊಂದು ಹೊಸ ವ್ಯಾಕ್ಸಿನ್ ಬಂದಿದೆ, ವಯಸ್ಸಾದೋರಿಗೆ ಕೊಡ್ತೀವಿ. ಪೂರ್ತಿ ಚೇತರಿಸಿಕೊಂಡ ಮೇಲೆ ಬನ್ನಿ. ಎಲ್ಲಾ ಥರದ ನ್ಯುಮೋನಿಯಾನೂ ಅದು ತಡೆಯಲ್ಲ, ಸುಳ್ಳು ಹೇಳಲ್ಲ. ಆದ್ರೆ ಇಷ್ಟು ಜೋರಾಗಿ ಬರೋದು ತಪ್ಪಬಹುದು. ಇನ್ನೊಂದು ಸಲ ಹಿಂಗೇ ಬಂದ್ರೆ ಏನಾಗತ್ತೋ ನಂಗೂ ಗೊತ್ತಿಲ್ಲ." ಬೆಂಗಳೂರಿನಿಂದ ತರಿಸಬೇಕು, ಮೊದಲೇ ಫೋನು ಮಾಡಿ ಎಂದರು. ಬೆಲೆಯನ್ನೂ ಹೇಳಿದರು.

ಮುನಿಯಮ್ಮ ನಕ್ಕಳು. "ಮೊನ್ನೆ ನಮ್ ಅಸುಗುಳ್ಗೆಲ್ಲ ಕಾಲುಬಾಯಿ ರೋಗುಕ್ಕೆ ಸೂಜಿ ಆಕ್ಸುದ್ರು. ನನ್ ಮಗ ಕೆಲ್ಸ ಬಿಟ್ಟು ಮನೇಲಿದ್ದ, ಅಸು ಇಡ್ಕಳಾಕೆ. ಆಲು ಕೊಡೋದುಕ್ಕೆ ಆಕಿಸ್ತಾರೆ ಟೀಚರಮ್ಮ. ಬತ್ತೋದುದ್ಕೆ ಯಾರ್ ಆಕಿಸ್ತಾರೆ? ಏಂ ಚೇಸ್ತಾಂ, ಏನ್ ಮಾಡಾದು." ಅವಳು ಅಂದದ್ದಕ್ಕೆ ನಾನೂ ಪಕ್ಕೆ ಹಿಡಿದು ನಕ್ಕೆ. ಆ ಮಾತು ನನ್ನ ಜೊತೆಗೇ ಮುಳಬಾಗಿಲಿಗೆ ಬಂತು.

ಚೇತರಿಸಿಕೊಳ್ಳಲು ಬೇಸಿಗೆ ಪೂರ್ತಿ ಹಿಡಿಯಿತು. ಬಾವಿಯಿಂದ ಅಡಿಗೆಮನೆಗೆ ನಡೆದರೆ ಕೂತು ಸುಧಾರಿಸಿಕೊಳ್ಳಬೇಕು. ಗಂಡ ಗಂಜಿ ಮಾಡುವುದನ್ನು ಕಲಿತರು. ಉಪ್ಪು ಹಾಕುವುದನ್ನು ಕಲಿಯಲಿಲ್ಲ. ಮಾವಿನ ಕಾಲ ಬಂದು ಹೋಯಿತು, ಶ್ರೀನಿವಾಸಪುರದ ಹಳೆಯ ಶಿಷ್ಯನೊಬ್ಬ ಬುಟ್ಟಿ ತುಂಬ ಹಣ್ಣು ತಂದುಕೊಟ್ಟ. ನನಗೆ ರುಚಿ ತಿಳಿಯಲಿಲ್ಲ. ಹೀಗೇ ಒಂದು ಸಂಜೆ ಜಗಲಿಯ ಮೇಲೆ ಎಲ್ಲರೂ ಕೂತಿದ್ದಾಗ ಸೂಜಿಯ ಮಾತು ತೆಗೆದೆ.

ವಾಸು ನೆಟ್ಟಗೆ ಕೂತ. "ಮಕ್ಕಳಿಗೆ ಹಾಕೋ ಸೂಜಿ ಈ ವಯಸ್ಸಲ್ಲಿ ಯಾಕತ್ತಿಗೆ? ಅದ್ರಲ್ಲಿ ಏನಿರತ್ತೋ, ಯಾವ ಪ್ರಾಣೀದೋ. ನಾಳೆ ಮಡೀಗೆ ಬಾಧೆ."

"ಆಸ್ಪತ್ರೇಲಿ ಅಷ್ಟು ದಿನ ಹಾಕಿದ ಇಂಜೆಕ್ಷನ್ನೆಲ್ಲ ತೀರ್ಥವೇನಪ್ಪ?" ಎಂದೆ.

"ಅದು ಪ್ರಾಣಾಪಾಯ, ಆಪದ್ಧರ್ಮ. ಇದು ಬೇಕಂತ ಹಾಕಿಸ್ಕೊಳ್ಳೋದು. ಆಯುಸ್ಸು ಇದ್ದಷ್ಟು ಇರ್ತೀವಿ. ಅಲ್ವೇನಣ್ಣ?"

ಅಣ್ಣ, "ನೋಡೋಣ" ಎಂದರು.

ನಿಜ ಹೇಳಬೇಕೆಂದರೆ ನನಗೂ ನಿರ್ಧಾರವಿರಲಿಲ್ಲ. ಮಗಳು ಫೋನಿನಲ್ಲಿ, "ಹಾಕಿಸ್ಕೋ ಅಮ್ಮ, ಯೋಚನೆ ಏನು ಅದ್ರಲ್ಲಿ?" ಎಂದು ಗದರುತ್ತಿದ್ದಳು. ಅವಳಿಗೆ ನಾನು ಹೇಳದ್ದು ಒಂದಿತ್ತು. ಇನ್ನೂ ಎಷ್ಟು ಚಳಿಗಾಲಗಳು ಬೇಕು ನನಗೆ ಎಂದು ನನ್ನನ್ನೇ ನಾನು ಕೇಳಿಕೊಳ್ಳುತ್ತಿದ್ದೆ. ಬದುಕಿ ಉಳಿದದ್ದು ಮತ್ತೆ ಆ ಬಾವಿಕಟ್ಟೆಯ ಮೇಲೆ ನಿಲ್ಲುವುದಕ್ಕಾದರೆ, ಅದಕ್ಕೆ ಬೆಂಗಳೂರಿನಿಂದ ಔಷಧಿ ತರಿಸಬೇಕೇ? ಕಾಯಿಲೆ ವಾಸಿಯಾದ ಮೇಲೆ ಬರುವ ಈ ಯೋಚನೆಯ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ. ಎಲ್ಲರೂ "ಗೆದ್ದು ಬಂದ್ರಿ" ಎನ್ನುತ್ತಾರೆ. ಬಂದದ್ದು ಎಲ್ಲಿಗೆ ಎಂದು ನೋಡಿದರೆ ಅದೇ ಮನೆ, ಅದೇ ಜನ.

ದೀಪಾವಳಿ ಕಳೆಯಿತು. ಕಾರ್ತೀಕದ ಮಂಜು ಬೀಳತೊಡಗಿದಾಗ ಗೋಡೆಯ ಆಚೆ ಜೋರು ಜೋರು ಮಾತು ಕೇಳಿಸಿತು. ಪುಷ್ಯ ಹತ್ತಿರ ಬರುತ್ತಿತ್ತಲ್ಲ. ಈ ಸಲ ನನ್ನಿಂದಾಗದಿದ್ದರೆ ಒದ್ದೆ ಮಡಿ ಯಾರು ಉಡುವುದು? ಮನೆಯಲ್ಲಿ ಇನ್ನೊಬ್ಬ ಸೊಸೆ ಇರುವುದು ಎಲ್ಲರಿಗೂ ಒಟ್ಟಿಗೇ ಹೊಳೆದಿರಬೇಕು. ಮಾರನೆಯ ಬೆಳಿಗ್ಗೆಯೇ ಶಾರದ ಕೋಡುಬಳೆಯ ಡಬ್ಬಿ ಹಿಡಿದುಕೊಂಡು ಬಂದಳು. ಹಿಂದೆಯೇ ವಾಸು.

"ಅತ್ತಿಗೆ, ಆ ಸೂಜಿ ವಿಷಯ ಏನಾಯ್ತು?" ಎಂದ.

"ಯಾವ ಸೂಜಿ?"

"ಅದೇ, ನ್ಯುಮೋನಿಯಾದ್ದು. ನಾನು ಒಬ್ಬಿಬ್ಬರನ್ನ ವಿಚಾರಿಸ್ದೆ. ಒಳ್ಳೇದಂತೆ. ಹಾಕಿಸ್ಕೊಂಡ್ಬಿಡಿ. ಮೈ ಕಾಪಾಡಿಕೊಳ್ಳೋದೂ ಒಂದು ಧರ್ಮವೇ ಅಂತ ಶಾಸ್ತ್ರ ಹೇಳತ್ತೆ."

"ಯಾವ ಪ್ರಾಣೀದೋ ಏನೋ, ಮಡೀಗೆ ಬಾಧೆ ಅಂದಿದ್ದೆಯಲ್ಲಪ್ಪ?"

ಅವನು ಅದಕ್ಕೆ ಜಾಣತನದಿಂದ ನಕ್ಕ. ಶಾರದಳಿಗೆ ಅಷ್ಟು ಜಾಣತನವಿಲ್ಲ. "ಈಗ್ಲೇ ಹಾಕಿಸ್ಕೊಂಡ್ರೆ ತಿಥಿ ಹೊತ್ತಿಗೆ ಮೈಗೆ ಹಿಡಿದಿರತ್ತೆ ಅಕ್ಕ. ಆಮೇಲೆ ಒದ್ದೆ ಸೀರೆ ಉಟ್ರೂ ಏನೂ ಆಗಲ್ಲ. ಖರ್ಚು ಬೇಕಾದ್ರೆ ಇವ್ರೇ ಕೊಡ್ತಾರೆ" ಎಂದಳು.

ನಾನು ಗಂಡನ ಮುಖ ನೋಡಿದೆ. ಅವರು ಕೋಡುಬಳೆ ಮುರಿಯುತ್ತಿದ್ದರು.

ಮುನಿಯಮ್ಮನ ಮಾತು ಆಗ ನನ್ನ ತಲೆಗೆ ಹೊಡೆಯಿತು. ನನ್ನನ್ನು ಯಾರೂ ಬದುಕಿಸಲು ಹೊರಟಿರಲಿಲ್ಲ, ಹಾಲು ನಿಲ್ಲಬಾರದು ಎಂದು ನೋಡುತ್ತಿದ್ದರು. ಮೈಯೆಲ್ಲ ಉರಿದುಹೋಯಿತು. "ನಾನು ಹಾಕಿಸ್ಕೊಳ್ಳಲ್ಲ" ಎಂದೆ. "ಯಾಕಕ್ಕಾ?" ಎಂದಳು. "ಆಯುಸ್ಸು ಇದ್ದಷ್ಟು ಇರ್ತೀನಿ" ಎಂದು ಎದ್ದು ಒಳಗೆ ಹೋದೆ.

ಅಲ್ಲಿಂದ ದಿನವೂ ಒಬ್ಬರು. ವಾಸು ಕಳಿಸಿದ ನೆಂಟರು, ಶಾರದಳ ತಾಯಿ, ಕೊನೆಗೆ ಪಕ್ಕದ ಬೀದಿಯ ಮೇಷ್ಟರೂ ಬಂದು ಸೂಜಿಯ ಮಹಿಮೆ ಹೇಳಿಹೋದರು. ಅಷ್ಟು ಜನ ಸೇರಿ ನನ್ನ ಆರೋಗ್ಯದ ಬಗ್ಗೆ ಚಿಂತಿಸಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಅವರು ಹೇಳಿದಷ್ಟೂ ನಾನು ಬೇಡವೆಂದೆ. ಮಗಳು ಅತ್ತಳು. "ಅವರ ಮೇಲಿನ ಕೋಪಕ್ಕೆ ನಿನ್ನ ಪ್ರಾಣ ಯಾಕಮ್ಮಾ ಒತ್ತೆ ಇಡ್ತೀಯ?" ಎಂದಳು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ ಎಂದು ನಾನೇ ಎಷ್ಟು ಮಕ್ಕಳಿಗೆ ಬುದ್ಧಿ ಹೇಳಿಲ್ಲ? ಆದರೂ ಆ ಕೋಪ ನನಗೆ ಬೇಕಾಗಿತ್ತು. ಅಷ್ಟು ವರ್ಷಗಳಲ್ಲಿ ನನ್ನದು ಅಂತ ಇದ್ದದ್ದು ಆ ಒಂದು "ಬೇಡ" ಮಾತ್ರ.

ತಿಥಿಗೆ ಇನ್ನು ಮೂರು ನಾಲ್ಕು ದಿನ ಇದೆ ಎನ್ನುವಾಗ ಕೆಮ್ಮು ಮತ್ತೆ ಶುರುವಾಯಿತು. ಒಂದು ಬೆಳಿಗ್ಗೆ ಏಳುವಾಗ ಎಡಕ್ಕೆ ಹೊರಳಿದೆ, ಬಲಪಕ್ಕೆ ಸ್ವಲ್ಪ ಹಿಡಿಯಿತು. ಅಷ್ಟೇ ಸಾಕಾಯಿತು. ಹೋದ ವರ್ಷದ್ದೇ ಮತ್ತೆ ಶುರುವಾಯಿತು ಎಂದುಕೊಂಡೆ. ಗಂಡನಿಗೆ ಮಂಡಿನೋವು. ಕೋಲಾರಕ್ಕೆ ತೋರಿಸಿಕೊಂಡು ಬರುತ್ತೇನೆಂದು ಹೇಳಿ ಒಬ್ಬಳೇ ಬಸ್ಸು ಹತ್ತಿದೆ.

ಡಾಕ್ಟರ ಕೋಣೆಯ ಮುಂದೆ ಎಂದಿನಂತೆ ಜನ. ಕೆಮ್ಮುವವರ ನಡುವೆ ಕೂತಿದ್ದಾಗ ಒಬ್ಬ ಹೆಂಗಸು ನನ್ನನ್ನೇ ದಿಟ್ಟಿಸಿ ನೋಡುತ್ತಿದ್ದಳು. ಕಂಕುಳಲ್ಲಿ ಕೂಸು. "ಟೀಚರಮ್ಮ ಅಲ್ವಾ?" ಎಂದಳು. ಆಸ್ಪತ್ರೆಗೆ ರಾಗಿ ಮುದ್ದೆ ಕಟ್ಟಿಕೊಂಡು ಬರುತ್ತಿದ್ದ ಮುನಿಯಮ್ಮನ ಸೊಸೆ. ಕೂಸಿಗೆ ಕೆಮ್ಮು ಎಂದು ಬಂದಿದ್ದಳು.

"ಮುನಿಯಮ್ಮ ಹೇಗಿದಾಳಮ್ಮ?"

ಅವಳು ಕೂಸನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡಳು. "ಅತ್ತೆ ಓದ್ರಮ್ಮ. ದೀಪಾವಳಿ ಆದ್ಮೇಲೆ. ಇಂಗೇ ಉಸ್ರು ಸಿಗಾಕ್ಕಂಡ್ತು. ಈ ಸಲ ಇಲ್ಲೀಗಂಟ ಬರ್ಲೇ ಇಲ್ಲ." ಆಮೇಲೆ, ನಾನೇನೋ ಕೇಳಿದೆ ಎನ್ನುವ ಹಾಗೆ, "ಸೂಜಿ ಆಕಿಸ್ಕಾ ಅಂದಿದ್ರಂತೆ ಡಾಕ್ಟ್ರು. ಆಕಿಸ್ಬೇಕು ಅಂತಾನೇ ಇದ್ವಿ. ಅಸು ಕರು ಆಕ್ಲಿ, ಆಮ್ಯಾಕೆ ಅಂತ..." ಎಂದು ನಿಲ್ಲಿಸಿದಳು.

ನನಗೆ ಅಳು ಬರಲಿಲ್ಲ. ಅವಳ ಮೇಲೆ ಕೋಪವೂ ಬರಲಿಲ್ಲ, ಅವಳೂ ಒಂದು ಮನೆಯ ಸೊಸೆ. ಕೋಪ ಬಂದದ್ದು ಮುನಿಯಮ್ಮನ ಮೇಲೆ. ಬತ್ತಿದ ಹಸು ಎಂದು ತನ್ನನ್ನು ತಾನೇ ಕರೆದುಕೊಂಡು, ಮಂದಿ ನಗುವ ಮೊದಲು ತಾನೇ ನಕ್ಕು, ಎಲ್ಲರಿಗೂ ಸುಲಭ ಮಾಡಿಕೊಟ್ಟು ಹೋದಳಲ್ಲ. ಆಮೇಲೆ ಹೊಳೆಯಿತು, ನಾನೂ ಅದನ್ನೇ ಮಾಡುತ್ತಿದ್ದೆ. ಅವಳು ನಕ್ಕು, ನಾನು ಸಿಡುಕಿ. ಪರಿಣಾಮ ಒಂದೇ.

ಡಾಕ್ಟರು ಎದೆ ನೋಡಿದರು. ಗಂಟಲಿನ ಕೆಮ್ಮು ಅಷ್ಟೇ, ಜ್ವರವಿಲ್ಲ, ಎದೆ ಚೊಕ್ಕಟವಾಗಿದೆ ಎಂದರು.

"ಡಾಕ್ಟ್ರೇ, ಆ ವ್ಯಾಕ್ಸಿನ್ ಇವತ್ತೇ ಹಾಕ್ತೀರಾ?"

"ತರಿಸ್ಬೇಕಿತ್ತಲ್ಲಮ್ಮ, ಮೊದಲೇ ಹೇಳಿದ್ರೆ..." ಎಂದವರು ನರ್ಸನ್ನು ಕರೆದು ಕೇಳಿದರು. ಯಾರೋ ತರಿಸಿಕೊಂಡು ಬರದೇ ಹೋದದ್ದು ಒಂದು ಫ್ರಿಜ್ಜಿನಲ್ಲಿತ್ತು. ಅವರ್‍ಯಾರೋ, ಯಾಕೆ ಬರಲಿಲ್ಲವೋ. ಅವರ ಮನೆಯಲ್ಲಿ ಏನು ಮುಗಿಯಲಿ ಎಂದು ಕಾಯುತ್ತಿದ್ದರೋ.

"ಒದ್ದೆ ಬಟ್ಟೆ ಉಟ್ಕೊಂಡು ಹೊಗೇಲಿ ನಿಲ್ಲಬಹುದಾ, ಇದನ್ನ ಹಾಕಿಸ್ಕೊಂಡ ಮೇಲೆ?" ಎಂದು ಕೇಳಿದೆ.

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಯಾಕಮ್ಮ ನಿಲ್ತೀರ? ಇದೇನು ರಕ್ಷಾಕವಚ ಅಲ್ಲ. ಒದ್ದೆ ಬಟ್ಟೆ, ಹೊಗೆ ಎರಡರ ಹತ್ರಾನೂ ಹೋಗ್ಲೇಬೇಡಿ."

ಎಡ ತೋಳಿಗೆ ಹಾಕಿದರು. ಇರುವೆ ಕಚ್ಚಿದಷ್ಟು. ಅಷ್ಟಕ್ಕೆ ಒಂದು ವರ್ಷ ಯೋಚನೆ, ಎರಡು ಸಂಸಾರಗಳ ಪಂಚಾಯಿತಿ. ಹೊರಗೆ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಿರಿ ಎಂದಳು ನರ್ಸು. ಕೂತೆ. ಮುನಿಯಮ್ಮನ ಸೊಸೆ ಹೊರಟುಹೋಗಿದ್ದಳು. ಅಲ್ಲಿ ನನಗೆ ಅಳು ಬಂತು. ಪಕ್ಕದಲ್ಲಿದ್ದ ಅಜ್ಜಿ, "ನೋವಾಯ್ತೇನಮ್ಮಾ?" ಎಂದು ಕೇಳಿದರು. ಹೌದು ಎಂದೆ.

ಬಸ್ಸಿನಲ್ಲಿ ತೋಳು ಭಾರವಾಗುತ್ತ ಬಂತು. ಮುಳಬಾಗಿಲು ಸೇರುವಷ್ಟರಲ್ಲಿ ನಾನು ನಿಶ್ಚಯ ಮಾಡಿಯಾಗಿತ್ತು. ಜಗಲಿಯ ಮೇಲೆ ಮೂವರೂ ಕಾಯುತ್ತಿದ್ದರು.

"ಹಾಕಿಸ್ಕೊಂಡ್ರಾ ಅಕ್ಕ?" ಶಾರದ ನಾನು ಚಪ್ಪಲಿ ಬಿಡುವುದನ್ನೂ ಕಾಯಲಿಲ್ಲ.

"ಇಲ್ಲ. ಎದೆ ಇನ್ನೂ ಸರಿಹೋಗಿಲ್ವಂತೆ. ಒದ್ದೆ ಬಟ್ಟೆ, ಹೊಗೆ ಎರಡರ ಹತ್ರಾನೂ ಸುಳೀಬೇಡಿ ಅಂದ್ರು." ಎರಡನೆಯ ಮಾತು ನಿಜ. ಮೊದಲನೆಯದು ಸುಳ್ಳು, ಅದಕ್ಕೆ ನನಗೆ ಅಂದೂ ನಾಚಿಕೆಯಾಗಲಿಲ್ಲ, ಇಂದೂ ಇಲ್ಲ. ಹಾಕಿಸಿಕೊಂಡೆ ಎಂದಿದ್ದರೆ ಮರುಕ್ಷಣವೇ ನನಗಾಗಿ ಬಾವಿಗೆ ಹಗ್ಗ ಇಳಿಬಿಡುತ್ತಿದ್ದರು.

ವಾಸು ಶಾರದಳನ್ನು ನೋಡಿದ. ಶಾರದ ವಾಸುವನ್ನು ನೋಡಿದಳು. ನಾನು ಒಳಗೆ ಹೋದೆ.

ಮಾರನೆಯ ಬೆಳಿಗ್ಗೆ ಒಲೆಯ ಮೇಲಿನ ಬಿಸಿನೀರಿನ ಪಾತ್ರೆ ಇಳಿಸಲು ಹೋದೆ. ಎಡಗೈ ಮೇಲೇಳಲಿಲ್ಲ, ಅಮ್ಮಾ ಎಂದುಬಿಟ್ಟೆ. ಗಂಡ ಬಂದರು. ಸೆರಗು ಜಾರಿತ್ತು. ತೋಳಿನ ಮೇಲೆ ಕೆಂಪಗೆ ಊದಿದ ಜಾಗ, ನಡುವೆ ಸೂಜಿಯ ಚುಕ್ಕೆ. ಅವರು ಅದನ್ನು ನೋಡಿದರು, ನನ್ನ ಮುಖ ನೋಡಿದರು. ಅವರು ಏನೂ ಕೇಳಲಿಲ್ಲ. ಪಾತ್ರೆಯನ್ನು ತಾವೇ ಇಳಿಸಿ ಬಚ್ಚಲಿಗೆ ಕೊಂಡೊಯ್ದಿಟ್ಟು, ಬಂದು ನನ್ನ ಸೆರಗನ್ನು ತೋಳಿನ ಮೇಲೆ ಎಳೆದು ಸರಿಮಾಡಿದರು. ಗೋಡೆಯ ಆಚೆಗೆ ಕೇಳುವಂತೆ, "ಅವಳಿಗೆ ಕೆಮ್ಮು ಜಾಸ್ತಿಯಾಗಿದೆ ಕಣೋ ವಾಸು" ಎಂದು ಕೂಗಿ ಹೇಳಿದರು. ಜೀವಮಾನವೆಲ್ಲ ಬಾಯಿ ಮುಚ್ಚಿಕೊಂಡು ನನ್ನನ್ನು ಬಾವಿಕಟ್ಟೆಗೆ ಕಳಿಸಿದ ಮನುಷ್ಯ. ಆ ಮೌನ ಒಂದು ಸಲ ನನ್ನ ಪಾಲಿಗೆ ಬಂತು. ನಾನು ಅದಕ್ಕೂ ಕೃತಜ್ಞಳಾದೆ, ಅದೇ ನನಗೆ ಸಿಟ್ಟು.

ತಿಥಿಯ ಹಿಂದಿನ ಸಂಜೆ ವಾಸು ಮಠದ ಕಡೆಯಿಂದ ಬಂದವನು ಕೈಕಾಲು ತೊಳೆದು ನಮ್ಮ ನಡುಮನೆಯಲ್ಲಿ ಕೂತ. ಮುಖ ಹೊಳೆಯುತ್ತಿತ್ತು.

"ಅಣ್ಣ, ಹಿರಿಯರೊಬ್ಬರನ್ನ ಕೇಳ್ದೆ. ರೇಷ್ಮೆ ಒಣಗಿದ್ರೂ ಮಡೀನೇ ಅಂತೆ. ಒದ್ದೇನೇ ಉಡಬೇಕು ಅಂತ ಕಡ್ಡಾಯ ಎಲ್ಲೂ ಇಲ್ಲ. ಕಿರೀ ಸೊಸೆ ಮಾಡಿದ್ರೂ ದೋಷ ಇಲ್ಲ. ಅಶಕ್ತರಿದ್ರೆ ಹಾಗೆ ಮಾಡಬಹುದು ಅಂತ ಶಾಸ್ತ್ರದಲ್ಲೇ ಅವಕಾಶ ಇದೆ."

"ಅಶಕ್ತಳು ಯಾರು ವಾಸು?" ಎಂದೆ.

"ಶಾರದಂಗೆ ಸೊಂಟ ನೋವಲ್ವಾ ಅತ್ತಿಗೆ" ಎಂದ. ಅವನಿಗೆ ತಾನು ಏನು ಹೇಳಿದೆ ಎಂಬುದೇ ಗೊತ್ತಾಗಲಿಲ್ಲ. ಅದು ಎಲ್ಲಕ್ಕಿಂತ ಕೆಟ್ಟದ್ದು.

ಮಾರನೆಯ ದಿನ ಶಾರದ ಹಂಡೆಯ ಬಿಸಿನೀರಿನಲ್ಲಿ ಸ್ನಾನ ಮಾಡಿ, ತನ್ನ ಮದುವೆಯ ರೇಷ್ಮೆ ಸೀರೆ ಉಟ್ಟು ಅಡಿಗೆಗೆ ನಿಂತಳು. ಹೊಗೆ ಕಣ್ಣಿಗೆ ಹೋಗುತ್ತದೆಂದು ವಾಸು ಅತ್ತೆಯ ಕಾಲದಿಂದ ಮೊಳೆ ಹೊಡೆದಿದ್ದ ಕಿಟಕಿಯ ಹಲಗೆ ತೆಗೆದುಕೊಟ್ಟ. ಆ ಕಿಟಕಿ ತೆರೆಯುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನಾನು ನಡುಮನೆಯಲ್ಲಿ ಶಾಲು ಹೊದ್ದು ಕೂತಿದ್ದೆ. ತೋಳು ಇನ್ನೂ ನೋಯುತ್ತಿತ್ತು. ಆಗಾಗ ಬೇಕೆಂದೇ ಒಂದೆರಡು ಸಲ ಕೆಮ್ಮಿದೆ.

ಬ್ರಾಹ್ಮಣರ ಊಟವಾಯಿತು. ವಡೆ ಚೆನ್ನಾಗಿದೆ ಎಂದರು. ವಾಸು ಹಿತ್ತಲಿನ ಕಲ್ಲಿನ ಮೇಲೆ ಎಲೆ ಇಟ್ಟ. ಇಟ್ಟು ಕೈ ತೊಳೆಯುವಷ್ಟರಲ್ಲಿ ಕಾಗೆ ಬಂತು. ಕಾಯಿಸಲಿಲ್ಲ, ಕರೆಸಿಕೊಳ್ಳಲಿಲ್ಲ. ಕಲ್ಲಿನ ಮೇಲೆ ಕೂತು, ಎಲೆಯನ್ನು ಒಮ್ಮೆ ನೋಡಿ, ವಡೆಯನ್ನೇ ಕಚ್ಚಿಕೊಂಡು ಹಾರಿತು. ಹಿಂದೆಯೇ ಇನ್ನೆರಡು ಬಂದವು.

"ಅಮ್ಮಂಗೆ ತೃಪ್ತಿಯಾಯ್ತು" ಎಂದು ವಾಸು ಕೈಮುಗಿದ.

ನಾನು ಬಾಗಿಲಿಗೆ ಬಂದು ನಿಂತಿದ್ದೆ. "ಮಡೀಲಿ ಏನೂ ಹೆಚ್ಚುಕಡಿಮೆ ಆಗ್ಲಿಲ್ವಾ ವಾಸು?" ಎಂದು ಕೇಳಿದೆ.

"ಏನೂ ಇಲ್ಲ ಅತ್ತಿಗೆ. ಎಲ್ಲಾ ಸರಿಯಾಗಿ ನಡೀತು" ಎಂದ, ಸಂತೋಷದಿಂದ.

ಆಮೇಲೆ ನಮ್ಮ ಮನೆಯಲ್ಲಿ ಯಾರೂ ಒದ್ದೆ ಸೀರೆ ಉಟ್ಟಿಲ್ಲ. ನನಗೆ ಮತ್ತೆ ಅಂಥ ಜ್ವರ ಬಂದಿಲ್ಲ. ಸೂಜಿಯಿಂದಲೋ, ಹೊಗೆ ತಪ್ಪಿದ್ದರಿಂದಲೋ, ನನಗೆ ಗೊತ್ತಿಲ್ಲ. ಹಾಕಿಸಿಕೊಳ್ಳಬೇಕೇ ಎಂದು ನನ್ನ ವಯಸ್ಸಿನವರು ಕೇಳಿದರೆ ಡಾಕ್ಟರನ್ನು ಕೇಳಿ ಎನ್ನುತ್ತೇನೆ, ಮನೆಯವರನ್ನು ಕೇಳಬೇಡಿ ಎನ್ನುತ್ತೇನೆ. ವಾಸುವಿಗೂ ಶಾರದಳಿಗೂ ಇದನ್ನು ಓದಿದ ಮೇಲೇ ನಿಜ ಗೊತ್ತಾಗುವುದು. ಗೊತ್ತಾಗಲಿ. ಆ ಕಿಟಕಿ ಅಷ್ಟು ವರ್ಷ ಅಲ್ಲೇ ಇತ್ತು. ರೇಷ್ಮೆ ಸೀರೆಯೂ ಪೆಟ್ಟಿಗೆಯಲ್ಲಿತ್ತು, ನನ್ನದೂ ಇತ್ತು. ಶಾಸ್ತ್ರದಲ್ಲಿ ಅವಕಾಶವೂ ಇತ್ತಂತೆ. ನಾನು ನಡುಗುತ್ತ ನಿಂತಿದ್ದಾಗ ಯಾರೂ ಹೋಗಿ ಕೇಳಿ ಬರಲಿಲ್ಲ, ಅಷ್ಟೇ.